ಬಸುರಿಗೆ ಹಾಸಿದ ಅರಿವೆ

ಅಮರಗೋಳ ದಾಟಿದ ಮೇಲೆ ರೈಲು ನಿಧಾನವಾಗುತ್ತಿದ್ದ ವರ್ಷಗಳಲ್ಲಿ ಡಬ್ಬಿಯೊಳಗಿನ ಮಂದಿಯೆಲ್ಲ ಬೇಸರ ಮಾಡಿಕೊಳ್ಳುತ್ತಿದ್ದರು. ಧಾರವಾಡಕ್ಕೆ ಕಾಲೇಜಿಗೆ ಹೋಗುವ ಹುಡುಗರು ಬಾಗಿಲಲ್ಲಿ ನಿಂತು, "ಇಳದು ನಡಕೋತ ಹೋದ್ರ ಲಗೂ ಮುಟ್ಟತೇವಿ" ಎಂದು ನಗುತ್ತಿದ್ದರು. ನನಗೆ ಬೇಸರವೂ ಬರುತ್ತಿರಲಿಲ್ಲ, ನಗೆಯೂ ಬರುತ್ತಿರಲಿಲ್ಲ. ಹೊಟ್ಟೆಕಿಚ್ಚು ಬರುತ್ತಿತ್ತು. ನಾಲ್ಕೈದು ಡಬ್ಬಿಯಷ್ಟು ಉದ್ದದ, ಎರೆಮಣ್ಣಿನ ಆ ತಗ್ಗಿನ ಮೇಲೆ.

ನನ್ನ ಗಂಡ ಆ ಭಾಗದ ರೈಲ್ವೆ ಗ್ಯಾಂಗಿನ ಮೇಟ್ ಆಗಿದ್ದರು. ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಹಳಿ ನೋಡಿಕೊಳ್ಳುವ ಕೆಲಸ. ಅವರು ಹೋದ ಮೇಲೆ ಇದು ಎರಡನೆಯ ಮಳೆಗಾಲ. ನಾನು ಏಳನೆಯ ಇಯತ್ತೆಯವರೆಗೆ ಕಲಿತವಳು, ಬರೆಯುವ ರೂಢಿ ಇಲ್ಲ. ಆದರೂ ಮಳೆ ಹತ್ತಿದಾಗ ಅವರ ಬಗ್ಗೆ ಯಾರ ಹತ್ತಿರವಾದರೂ ಮಾತಾಡಬೇಕೆನಿಸುತ್ತದೆ. ಮನೆಯಲ್ಲಿ ಯಾರೂ ಇಲ್ಲ.

ಹಳಿಯ ಕೆಳಗೆ ಸ್ಲೀಪರ್, ಸ್ಲೀಪರಿನ ಕೆಳಗೆ ಜಲ್ಲಿಕಲ್ಲಿನ ಖಡಿ, ಖಡಿಯ ಕೆಳಗೆ ಮಣ್ಣು. ಉಳಿದ ಕಡೆ ಆ ಮಣ್ಣು ಗಟ್ಟಿ. ಈ ತಗ್ಗಿನಲ್ಲಿ ಮಾತ್ರ ಎರೆಮಣ್ಣು. ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಉಬ್ಬು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದ ಮೇಲೆ ಗಾಡಿಗಳ ಭಾರ ಹೆಚ್ಚಾಯಿತು, ಆ ಜಾಗದ ರಗಳೆಯೂ ಹೆಚ್ಚಾಯಿತು. ಒಂದೊಂದು ಗಾಡಿ ಹೋದಂತೆ ಮಣ್ಣು ರಾಡಿಯಾಗಿ ಖಡಿಯ ಸಂದಿಯಿಂದ ಮೇಲೆ ಬರುತ್ತಿತ್ತು, ಖಡಿ ಕೆಳಗೆ ಇಳಿಯುತ್ತಿತ್ತು, ಹಳಿ ಜೋತು ಬೀಳುತ್ತಿತ್ತು. ಇವರು ಹೋಗಿ ರಾಡಿ ತೋಡಿ, ಹೊಸ ಖಡಿ ಸುರಿದು, ಸ್ಲೀಪರಿನ ಅಡಿಗೆ ಅದನ್ನು ಬಡಿದು ಕೂಡಿಸಿ ಬರಬೇಕು. ವಾರದೊಳಗೆ ಮತ್ತೆ ಅದೇ ಹಾಡು.

ಮಳೆ ಬಂದರೆ ಉಬ್ಬುವ ಆ ಜಾಗಕ್ಕೆ ಗ್ಯಾಂಗಿನವರು ಬಸುರಿ ಎಂದು ಹೆಸರಿಟ್ಟಿದ್ದರು. ಮೊದಮೊದಲು ಚೇಷ್ಟೆಗೆ ಅನ್ನುತ್ತಿದ್ದುದು, ಆಮೇಲೆ ಅದೇ ಹೆಸರಾಯಿತು. ನಮ್ಮ ಮನೆಯವರು ಊಟಕ್ಕೆ ಕುಳಿತಾಗ ಹೆಂಚಿನ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ತುತ್ತು ಕೈಯಲ್ಲೇ ನಿಲ್ಲುತ್ತಿತ್ತು.

"ಬಸುರಿ ಹ್ಯಾಂಗದಾಳೋ ಏನೋ."

"ಉಣ್ರಿ ಮೊದಲ. ಆಕಿ ಎಲ್ಲಿ ಓಡಿ ಹೋಗ್ತಾಳ?"

"ಓಡಿ ಹೋಗೂದಿಲ್ಲ. ಕೆಳಗ ಹೋಗ್ತಾಳ."

ಹಾಗೆ ಅಂದವರೇ ಕೈ ತೊಳೆದು ಏಳುತ್ತಿದ್ದರು. ನನಗೆ ಜ್ವರ ಬಂದು ಮಲಗಿದ್ದ ಒಂದು ಆಷಾಢದಲ್ಲಿ ಹಣೆ ಮುಟ್ಟಿ ನೋಡಿ, ಗುಳಿಗೆ ಕೊಟ್ಟು, ಹೋಗಿಬಿಟ್ಟರು. ಮರಳಿ ಬಂದಾಗ ಮೊಣಕಾಲತನಕ ಕಪ್ಪು ರಾಡಿ ಮೆತ್ತಿತ್ತು. ಇಡೀ ದಿನ ಅವಳ ಕಾಲು ಒತ್ತಿ ಬಂದವರ ಹಾಗೆ ಕಂಡರು ನನಗೆ.

ಪಕ್ಕದ ಕ್ವಾರ್ಟರ್ಸಿನಲ್ಲಿ ಕೀಮನ್ ಇದ್ದ, ದಿನಾ ಹಳಿಗುಂಟ ನಡೆದು ಸಡಿಲಾದ ಕೀಲಿಗಳನ್ನು ಬಡಿದು ಬಿಗಿ ಮಾಡುವವನು. ಅವನ ಹೆಂಡತಿ ಮುಸಲ್ಮಾನರ ಮನೆಯ ಹೆಣ್ಣುಮಗಳು, ನನಗಿಂತ ಚಿಕ್ಕವಳು, ಬಾಯಿ ಬಲು ಜೋರು. ಕೊಡ ಹೊತ್ತು ನಳಕ್ಕೆ ಬಂದಾಗೆಲ್ಲ ನನ್ನನ್ನು ಕೇಳುವುದು ಒಂದೇ.

"ಅಕ್ಕಾ, ನಿಮ್ಮ ಸವತಿ ಹ್ಯಾಂಗದಾಳ್ರಿ?"

"ಅಕೀಗೇನವಾ, ಛಲೋ ಅದಾಳ. ನಿನ್ನೆ ಒಂದ್ ವ್ಯಾಗನ್ ಖಡಿ ತಿಂದಾಳಂತ."

"ಅಯ್ಯ, ಬಸುರಿ ಬಯಕಿ ಅಂದ್ರ ಹಂಗ ಇರ್ತೈತ್ರಿ. ದೊಡ್ಡಾವ ಹೊಟ್ಟ್ಯಾಗಿದ್ದಾಗ ನಾ ಅರ್ಧಾ ಗೋಡಿ ಸುಣ್ಣಾ ಕೆರದು ತಿಂದೇನಿ. ಅತ್ತಿ ಬೈಯೋದು, ನಾ ತಿನ್ನೋದು."

ನಮಗೆ ಮಕ್ಕಳಾಗಿರಲಿಲ್ಲ. ಮಾತು ಆಡಿದ ಮೇಲೆ ಅವಳಿಗೆ ಅದು ನೆನಪಾಯಿತು, ಸೆರಗು ಬಾಯಿಗೆ ಒತ್ತಿಕೊಂಡಳು. ನಾನೇ ನಕ್ಕು ನೀರಿನ ಮಾತು ತೆಗೆದೆ. ಮನೆಗೆ ಬಂದು ಕೊಡ ಇಳಿಸಿದ ಮೇಲೆ ಬಹಳ ಹೊತ್ತು ಏನೂ ಕೆಲಸ ಮಾಡಲಿಲ್ಲ.

ನಮ್ಮ ಕಡೆ ಸೀಗಿ ಹುಣ್ಣಿಮೆಗೆ ಪೈರು ಹೊತ್ತ ಹೊಲವನ್ನು ಬಸುರಿ ಎಂದೇ ತಿಳಿದು, ಬುತ್ತಿ ಒಯ್ದು ಚರಗ ಚೆಲ್ಲುತ್ತಾರೆ. ಗ್ಯಾಂಗಿನವರೆಲ್ಲ ರೈತರ ಮನೆಯ ಮಕ್ಕಳು. ಹಳಿಯ ಎರಡೂ ಬದಿಯ ಹೊಲದವರು ಚರಗ ಚೆಲ್ಲುವಾಗ ತಾವು ಸುಮ್ಮನೆ ನಿಲ್ಲುವುದು ಹೇಗೆಂದು ಅವರೂ ಆ ತಗ್ಗಿನ ಪಕ್ಕದಲ್ಲಿ ಒಂದು ಎಡೆ ಇಟ್ಟು, ನಾಲ್ಕು ದಿಕ್ಕಿಗೆ ಅನ್ನ ಚೆಲ್ಲಿ ಬರುತ್ತಿದ್ದರು. ಮೇಟ್ ಮನೆಯಿಂದ ಬುತ್ತಿ ಹೋಗಬೇಕು ಎಂಬುದು ಪದ್ಧತಿ. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಕರ್ಚಿಕಾಯಿ. ನಾನು ಮಾಡಿ ಕಟ್ಟಿ ಕಳಿಸುತ್ತಿದ್ದೆ. ಒಂದು ವರ್ಷ ಮಾತ್ರ ಆಗುವುದಿಲ್ಲ ಅಂದೆ.

"ಯಾಕ, ಆರಾಮಿಲ್ಲೇನು?" ಎಂದು ಕೇಳಿದರು.

"ಆರಾಮ ಅದೀನ್ರಿ. ಆಕಿಗೆ ನಾ ಮಾಡೂದಿಲ್ಲ."

"ಮಣ್ಣಿನ ಕೂಡ ಯಾರರೆ ಸಿಟ್ಟ ಮಾಡ್ತಾರೇನ?"

"ಮಣ್ಣಿಗೆ ಯಾರರೆ ಬಸುರಿ ಅಂತಾರೇನ್ರಿ?"

ಅವರು ಜಗಳ ಆಡುವ ಮನುಷ್ಯರಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಿಂದ ಎಣ್ಣೆಗಾಯಿಯ ವಾಸನೆ ಬಂತು. ಇವರು ಕೇಳಿದೊಡನೆ ಕೀಮನ್‌ನ ಹೆಂಡತಿ ಒಲೆ ಹೊತ್ತಿಸಿದ್ದಳು. ಸಂಜೆ ಇವರು ನನಗಾಗಿ ಎಡೆಯ ಪ್ರಸಾದ ಕಟ್ಟಿಸಿಕೊಂಡು ಬಂದರು. ತಿಂದೆ. ಬದನೆಕಾಯಿ ನಾನು ಮಾಡುವುದಕ್ಕಿಂತ ರುಚಿಯಾಗಿತ್ತು. ಅದಕ್ಕೂ ಹೊಟ್ಟೆ ಉರಿಯಿತು. ಮುಂದಿನ ವರ್ಷದಿಂದ ಮತ್ತೆ ನಾನೇ ಮಾಡಿದೆ.

ಅವರಿಗೆ ಮೊಣಕಾಲು ನೋವು, ಎದೆಯಲ್ಲಿ ಕೆಮ್ಮು. ಮೇಲಿನ ಸಾಹೇಬರು ಒಳ್ಳೆಯವರು, ಹುಬ್ಬಳ್ಳಿಯ ಯಾರ್ಡಿನಲ್ಲಿ ಸಾಮಾನಿನ ಕೋಣೆ ನೋಡಿಕೊಳ್ಳುವ ಹಗುರ ಕೆಲಸ ಕೊಡಿಸುತ್ತೇನೆ ಅಂದಿದ್ದರು. ಹೊತ್ತಿಗೆ ಸರಿಯಾಗಿ ಹೋಗಿ ಹೊತ್ತಿಗೆ ಸರಿಯಾಗಿ ಮನೆಗೆ ಬರುವ ಕೆಲಸ. ನಾನು ಮನಸ್ಸಿನಲ್ಲೇ ಹುಬ್ಬಳ್ಳಿಯಲ್ಲಿ ಮನೆ ಮಾಡಿಟ್ಟಿದ್ದೆ. ಸಂಜೆ ಇಬ್ಬರೂ ಪೇಟೆಗೆ ಹೋಗುವುದು, ಒಂದು ಮಳೆಗಾಲವಾದರೂ ಗಂಡ ಒಣಗಿದ ಬಟ್ಟೆಯಲ್ಲಿ ಮನೆಯೊಳಗೆ ಕೂಡುವುದು. ಕೇಳಿದಾಗಲೆಲ್ಲ ಉತ್ತರ ಒಂದೇ.

"ಆಕಿ ಒಂದು ಗಟ್ಟಿ ಆಗಲಿ. ಆಮ್ಯಾಲೆ ಹೋಗೋಣು."

ಹೀಗಾಗಿ ನನ್ನ ಸಂಸಾರ ಆ ತಗ್ಗಿನ ಕೈಯಲ್ಲಿತ್ತು. ಮಣ್ಣು ಗಟ್ಟಿಯಾದರೆ ಗಂಡ ನನ್ನ ಪಾಲಿಗೆ. ಆಗದಿದ್ದರೆ ಇಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಚಳಿಗಾಲದಲ್ಲಿ ಸಾಹೇಬರ ಜೊತೆ ಕೆಲವು ಎಂಜಿನಿಯರುಗಳು ಆ ಜಾಗ ನೋಡಲು ಬಂದರು. ಉಳಿದವರು ಅಳತೆ ಹಿಡಿದು ಹೋದರು. ಒಬ್ಬ ಹುಡುಗಿ ಮಾತ್ರ ಮತ್ತೆ ಮತ್ತೆ ಬರತೊಡಗಿದಳು. ಮಣ್ಣಿನ ವಿದ್ಯೆ ಓದಿದವಳು, ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡಿದ್ದಳು. ಸ್ಕೂಟಿಯ ಮೇಲೆ ಬರುವಳು, ಪ್ಯಾಂಟಿನ ಕಾಲು ಮಡಚಿಕೊಂಡು ರಾಡಿಗೆ ಇಳಿಯುವಳು. ನಮ್ಮ ಮನೆಯವರಿಗೆ ಕಾಕಾ ಎನ್ನುವಳು. ಇವರು ನನ್ನ ಜೊತೆ ಒಂದು ವಾರಕ್ಕೆ ಆಡುವಷ್ಟು ಮಾತನ್ನು ಅವಳ ಜೊತೆ ಒಂದು ಮುಂಜಾನೆಗೆ ಆಡುತ್ತಿದ್ದರು. ಹಳಿಯ ಪಕ್ಕದಲ್ಲಿ ತಗ್ಗು ತೋಡಿಸಿ ಇಬ್ಬರೂ ಅದರ ಅಂಚಿಗೆ ಕುಕ್ಕರಗಾಲಿನಲ್ಲಿ ಕುಳಿತು ಒಳಗೆ ನೋಡುತ್ತಿದ್ದುದನ್ನು ನಾನು ದೂರದಿಂದ ಕಂಡಿದ್ದೇನೆ, ತೊಟ್ಟಿಲಲ್ಲಿ ಇಣುಕುವವರ ಹಾಗೆ.

ಒಂದು ಮಧ್ಯಾಹ್ನ ಚಹಾಕ್ಕೆಂದು ಅವಳನ್ನು ಮನೆಗೆ ಕರೆತಂದರು. ಇಬ್ಬರಲ್ಲೂ ಏನೋ ವಾದ ನಡೆದಿತ್ತು.

"ಇನ್ನೂ ಜಾಸ್ತಿ ಖಡಿ ಹಾಕಿದ್ರ ಯಾವಾಗರೆ ಒಂದಿನ ನಿಲ್ಲತೈತ್ರಿ ಮೇಡಂ. ಆಕಿ ಹೊಟ್ಟಿ ತುಂಬಬೇಕು ನೋಡ್ರಿ."

"ತುಂಬೂದಿಲ್ಲ ಕಾಕಾ. ಕಾಕೂ, ಹಿಟ್ಟು ನಾದೀರೇನ್ರಿ? ಒಂದೀಟು ಕೊಡ್ರಿಲ್ಲೆ."

ನಾನು ರೊಟ್ಟಿಗೆಂದು ನಾದಿಟ್ಟ ಹಿಟ್ಟು ಪರಾತದಲ್ಲಿತ್ತು. ನಾನು ಹೂಂ ಅನ್ನುವ ಮೊದಲೇ ಅವಳು ಅದಕ್ಕೆ ನೀರು ಹಾಕಿ ಮೆತ್ತಗೆ ಮಾಡಿದಳು, ಮೇಲೆ ಒಂದು ಹಿಡಿ ಶೇಂಗಾ ಹರವಿದಳು, ತಂಬಿಗೆಯ ತಳದಿಂದ ಮೇಲೆ ಕೆಳಗೆ ಒತ್ತಿದಳು. ಶೇಂಗಾ ಹಿಟ್ಟಿನೊಳಗೆ ಮುಳುಗಿದವು, ಹಿಟ್ಟು ಸಂದಿಯಿಂದ ಮೇಲೆ ಬಂತು. ಇನ್ನಷ್ಟು ಶೇಂಗಾ ಹಾಕಿದಳು, ಅವೂ ಹೋದವು.

"ನೀವು ಹಾಕಿದ ಖಡಿ ಕೆಳಗ ಬೋಗುಣಿ ಮಾಡೈತಿ ಕಾಕಾ. ಆ ಬೋಗುಣ್ಯಾಗ ನೀರು ನಿಂದರತೈತಿ. ನೀರು ನಿಂತಂಗ ಮಣ್ಣು ಇನ್ನೂ ಮೆತ್ತಗ. ಮತ್ತ ನೀವು ಖಡಿ ಹಾಕತೀರಿ."

ಆಮೇಲೆ ನನ್ನ ಚಹಾ ಸೋಸುವ ಬಟ್ಟೆ ಎತ್ತಿಕೊಂಡು ಹಿಟ್ಟಿನ ಇನ್ನೊಂದು ಬದಿಗೆ ಹಾಸಿ, ಅದರ ಮೇಲೆ ಶೇಂಗಾ ಇಟ್ಟು ಒತ್ತಿದಳು. ಬಟ್ಟೆ ಒದ್ದೆಯಾಯಿತು, ಶೇಂಗಾ ಮೇಲೆಯೇ ನಿಂತವು. ನೀರು ಬಟ್ಟೆಯ ಮೂಲಕ ಹಾಯುತ್ತದೆ, ಮಣ್ಣು ಹಾಯುವುದಿಲ್ಲ, ಅದರ ಮೇಲೆ ಒಂದು ಗಟ್ಟಿ ಜಾಳಿಗೆ ಹಾಕಿದರೆ ಖಡಿಯ ಮೂಲೆಗಳು ಅದರ ಕಣ್ಣುಗಳಲ್ಲಿ ಕಚ್ಚಿಕೊಂಡು ಅತ್ತಿತ್ತ ಸರಿಯುವುದಿಲ್ಲ ಎಂದು ಹೇಳಿದಳು.

ನಮ್ಮ ಮನೆಯವರು ಪರಾತದ ಮೇಲೆ ಬಗ್ಗಿ ನೋಡುತ್ತಲೇ ಇದ್ದರು. ನನ್ನ ಹಿಟ್ಟು, ನನ್ನ ಪರಾತ, ನನ್ನ ಬಟ್ಟೆ. ಅಷ್ಟು ವರ್ಷ ದಿನಾ ಹಿಟ್ಟು ನಾದಿದ್ದೇನೆ, ಅವರು ಒಂದು ಸಲವೂ ಹಾಗೆ ಬಗ್ಗಿ ನೋಡಿರಲಿಲ್ಲ.

ಬೇಸಿಗೆಯ ನಡುವಿನಲ್ಲಿ ಆ ಬಟ್ಟೆಯ ಸುರುಳಿ ಬಂದು ಗ್ಯಾಂಗಿನ ಗುಡಿಸಲ ಮುಂದೆ ಇಳಿಯಿತು. ಕರಿಯ ಹೊದಿಕೆ ಸುತ್ತಿತ್ತು. ಬಟ್ಟೆ ಎಂಥದೆಂದು ನೋಡುವ ಆಸೆಗೆ ಯಾರೋ ಹೊದಿಕೆ ಹರಿದರು. ಬೆಳ್ಳಗೆ, ಕಂಬಳಿಯ ಹಾಗೆ ದಪ್ಪ. ಅದೇ ದಿನ ಅಡ್ಡಮಳೆ ಬಂತು. ಸುರುಳಿ ಅಷ್ಟೂ ನೀರು ಕುಡಿದು, ಆರು ಮಂದಿ ಕೂಡಿದರೂ ಏಳದೆ, ಉರುಳಿಸುವಾಗ ರಾಡಿಯಾಯಿತು.

"ಬಸುರಿಗೆ ಹೊಲಸು ಅರಿವಿ ಹಾಕತೀರೇನು? ಚಂದ ಆತು ನಿಮ್ಮ ಬಾಳೇವು!" ಎಂದು ಕೀಮನ್‌ನ ಹೆಂಡತಿ ಗಂಡಸರಿಗೆಲ್ಲ ಕೇಳುವಂತೆ ಕೂಗಿದಳು.

ನಮ್ಮ ಮನೆಯವರಿಗೂ ಅದು ಸರಿ ಕಂಡಿತು. ಸುರುಳಿ ಬಿಚ್ಚಿ, ಉದ್ದುದ್ದ ತುಂಡು ಮಾಡಿ, ಕ್ವಾರ್ಟರ್ಸಿನ ಹೆಣ್ಣುಮಕ್ಕಳೆಲ್ಲ ಕೂಡಿ ಒಗೆದೆವು. ಎಲ್ಲರಿಗಿಂತ ಜೋರಾಗಿ ತಿಕ್ಕಿದವಳು ನಾನು. ನನ್ನ ಮದುವೆಯ ಸೀರೆಯನ್ನೂ ಅಷ್ಟು ಕಾಳಜಿಯಿಂದ ಒಗೆದಿರಲಿಲ್ಲ. ಲಗೂ ಒಣಗಲಿ, ಲಗೂ ಹಾಸಲಿ, ಆ ಮಣ್ಣು ಒಮ್ಮೆ ಬಾಯಿ ಮುಚ್ಚಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಬೇಲಿಯುದ್ದಕ್ಕೂ ಬಿಸಿಲಿಗೆ ಹರವಿದೆವು. ಮತ್ತೆ ಹೊಡೆದುಕೊಂಡು ಬಂದ ಮಳೆಗೆ ಮತ್ತೆ ನೆನೆದವು, ಮತ್ತೆ ಹರವಿದೆವು. ಹೀಗೆ ಎಷ್ಟೋ ದಿನ ಬೇಲಿಯ ಮೇಲೇ ಇದ್ದವು.

ಊರಿಗೆ ಹೋಗಿದ್ದ ಎಂಜಿನಿಯರ್ ಹುಡುಗಿ ಬಂದು ಸ್ಕೂಟಿ ನಿಲ್ಲಿಸಿದವಳು ಬೇಲಿ ನೋಡಿ ಹಾಗೇ ನಿಂತಳು.

"ಕಾಕಾ, ಇದನ್ನ ಯಾರು ಒಗದ್ರಿ?"

"ನಮ್ಮ ಹೆಣ್ಮಕ್ಕಳ್ರಿ ಮೇಡಂ."

"ಸೋಪು ಹಚ್ಚಿ?"

ಕೀಮನ್‌ನ ಹೆಂಡತಿ ಮುಂದೆ ಬಂದು ಅಭಿಮಾನದಿಂದ ಹೇಳಿದಳು, "ನೀಲಿನೂ ಹಾಕೇವ್ರಿ!"

ಹುಡುಗಿ ನಕ್ಕಳು. ನಗುತ್ತ ನಗುತ್ತಲೇ ಹಳಿಯ ಪಕ್ಕದ ಕಲ್ಲಿನ ಮೇಲೆ ಕುಳಿತು ತಲೆಗೆ ಕೈ ಹಚ್ಚಿದಳು. ಅದು ಹತ್ತಿಯ ಬಟ್ಟೆಯಲ್ಲ, ಪ್ಲಾಸ್ಟಿಕ್ಕಿನ ಎಳೆಯದು. ನೆಲದೊಳಗಿದ್ದರೆ ಎಷ್ಟೋ ಕಾಲ ಬಾಳುತ್ತದೆ, ಬಿಸಿಲಿಗೆ ಬಿಟ್ಟರೆ ದಿನದಿಂದ ದಿನಕ್ಕೆ ಜೀವ ಕಳೆದುಕೊಳ್ಳುತ್ತದೆ, ಕರಿಯ ಹೊದಿಕೆ ಇದ್ದದ್ದು ಅದಕ್ಕೇ. ಮೇಲಾಗಿ ಅಷ್ಟು ತುಂಡು ಮಾಡಿದ್ದು ಈಗ ಆ ಕೆಲಸಕ್ಕೆ ಬಾರದು. ಹೊಸ ಸುರುಳಿ ಬರಬೇಕು. ಅದು ಮಳೆಗಾಲ ಹತ್ತುವುದರೊಳಗೆ ಬರದಿದ್ದರೆ ಮುಂದಿನ ವರ್ಷ. ಇಷ್ಟು ಕೇಳಿ ನಾನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಇನ್ನೊಂದು ಮಳೆಗಾಲ ಅವಳಿಗೇ ಹೋಯಿತಲ್ಲ ಎಂದು.

ಹುಡುಗಿ ಎಲ್ಲೆಲ್ಲೋ ಓಡಾಡಿ, ಯಾರ್ಯಾರನ್ನೋ ಕಾಡಿ, ಜೂನಿನ ಮಿರಗಿನ ಮಳೆಗೆ ಮೊದಲೇ ಹೊಸ ಸುರುಳಿ ತರಿಸಿದಳು. ಅವಳ ಮೇಲೆ ನನಗಿದ್ದ ಕಿಚ್ಚು ಅಂದು ಕಡಿಮೆಯಾಗಬೇಕಿತ್ತು. ನನ್ನ ಕೈಲಾಗದ್ದನ್ನು ಅವಳು ಮಾಡಿದಳೆಂದು ಇನ್ನಷ್ಟು ಹೆಚ್ಚಾಯಿತು.

ಹಾಸುವ ದಿನ ಬುತ್ತಿ ಕೊಡುವ ನೆಪದಲ್ಲಿ ನಾನೂ ಹೋದೆ. ಗಾಡಿಗಳನ್ನು ನಿಲ್ಲಿಸಿ, ಹಳಿ ಎತ್ತಿ ಬದಿಗಿಟ್ಟು, ರಾಡಿಯನ್ನೆಲ್ಲ ತೋಡಿ ತೆಗೆದು, ನೀರು ಬದಿಗೆ ಹರಿಯುವಂತೆ ನೆಲವನ್ನು ಇಳಿಜಾರು ಮಾಡಿದ್ದರು. ಅದರ ಮೇಲೆ ಉಸುಕು, ಉಸುಕಿನ ಮೇಲೆ ಬಿಳಿಯ ಬಟ್ಟೆ, ಮತ್ತೆ ಉಸುಕು, ಆಮೇಲೆ ಕರಿಯ ಜಾಳಿಗೆ, ಕೊನೆಗೆ ಖಡಿ. ಎರಡು ಬಟ್ಟೆ ಕೂಡುವಲ್ಲಿ ಒಬ್ಬ ಹುಡುಗ ಗೇಣಿನಷ್ಟೇ ಒಂದರ ಮೇಲೊಂದು ಏರಿಸಿದ.

"ಏ ತಮ್ಮಾ, ಸೀರಿ ನಿರಗಿ ಹಿಡ್ಯಾಕತ್ತೀಯೇನ? ಮೇಡಂ ಹೇಳಿದ್ದು ಎರಡು ಮೊಳ. ಎಳಿ ಈ ಕಡಿ!" ಎಂದು ನಮ್ಮ ಮನೆಯವರು ಗದರಿದರು. ಯಾರೂ ಮೊಳೆ ಬಡಿದ ಚಪ್ಪಲಿ ಮೆಟ್ಟಿ ಬಟ್ಟೆಯ ಮೇಲೆ ಕಾಲಿಡಬಾರದೆಂದು ಹೇಳಿ ತಾವು ಬರಿಗಾಲಿನಲ್ಲಿ ನಡೆದರು, ಮುದುರಿದ ಕಡೆ ಅಂಗೈಯಿಂದ ಸವರಿ ಸರಿ ಮಾಡಿದರು. ಆ ಕೈಯನ್ನು ನೋಡುತ್ತ ನಿಂತೆ. ಬುತ್ತಿ ಕೊಡುವುದು ಮರೆತು ಹಾಗೇ ತಂದಿದ್ದೆ ಎಂದು ಮನೆಗೆ ಬಂದ ಮೇಲೆ ತಿಳಿಯಿತು.

ಕೆಟ್ಟ ಬಟ್ಟೆಯ ತುಂಡುಗಳನ್ನು ಕ್ವಾರ್ಟರ್ಸಿನವರು ಹಂಚಿಕೊಂಡರು. ಕೀಮನ್‌ನ ಹೆಂಡತಿ ಕೌದಿಯೊಳಗೆ ಇಟ್ಟು ಹೊಲಿದಳು. ನಾನು ನಮ್ಮ ಪಾಲಿನದನ್ನು ಹೊಸ್ತಿಲ ಹೊರಗೆ ಕಾಲು ಒರೆಸಲು ಹಾಕಿದೆ. ಬಂದವರೆಲ್ಲ ಒರೆಸಿದರು. ನಮ್ಮ ಮನೆಯವರು ಮಾತ್ರ ಅದನ್ನು ದಾಟಿ ಒಳಗೆ ಬರುತ್ತಿದ್ದರು.

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಹಳಿ ಕುಸಿಯಲಿಲ್ಲ, ರಾಡಿ ಮೇಲೆ ಬರಲಿಲ್ಲ. ನಿಧಾನವಾಗಿ ಹೋಗಿರೆಂಬ ಬೋರ್ಡು ತೆಗೆದರು. ರಜೆಯ ದಿನವೂ ಇವರು ಛತ್ರಿ ಹಿಡಿದು ಹೊರಟಾಗ ನಾನೂ ಬೆನ್ನು ಹತ್ತಿದೆ. ತಗ್ಗಿನ ಹತ್ತಿರ ಕುಳಿತು ಖಡಿ ಸರಿಸಿ ಬೆರಳಿಂದ ಮುಟ್ಟಿ ನೋಡಿದರು. ತೊಯ್ದಿತ್ತು, ಆದರೆ ಖಡಿ ಸ್ವಚ್ಛವಾಗಿತ್ತು.

"ಉಬ್ಬಿಲ್ಲ" ಅಂದರು.

"ಛಲೋ ಆತಲ್ರಿ."

"ಹೂಂ." ಸರಿಸಿದ ಖಡಿಯನ್ನು ಮತ್ತೆ ಕೂಡಿಸುತ್ತ, "ಇಷ್ಟು ವರ್ಷ ನಾವೆಲ್ಲಾ ಬಡದಿದ್ದೇ ಬಡದಿದ್ದು. ಒಂದು ಅರಿವಿ ಬಂದು ಮಲಗಿತು, ಮುಗದ ಹೋತು" ಅಂದರು.

ಅವರ ಮುಖ ನೋಡಿದೆ. ಅದು ಯಾವ ಮುಖವೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾನಿಲ್ಲದೆಯೂ ಅವಳು ಸುಖವಾಗಿದ್ದಾಳೆಂದು ತಿಳಿದವನ ಮುಖ. ಮಳೆ ಜೋರಾಗಲಿ, ಎಲ್ಲಾದರೂ ಒಂದು ಕಡೆ ರಾಡಿ ಉಕ್ಕಲಿ ಎಂದು ಅವರು ಒಳಗೊಳಗೆ ಕಾಯುತ್ತಿದ್ದರೇನೋ. ನಾನು ಗೆದ್ದಿದ್ದೆ. ಆದರೆ ಗಂಡನಿಗೆ ಬೇರೊಬ್ಬಳಿಗಾಗಿ ಹೊಟ್ಟೆ ಉರಿಯುವುದನ್ನು ನೋಡುತ್ತ ಪಕ್ಕದಲ್ಲಿ ನಿಂತವಳಿಗೆ ಗೆಲುವು ಹೇಗೆ ಹತ್ತೀತು?

ಮುಂದಿನ ವರ್ಷ ಹುಬ್ಬಳ್ಳಿಗೆ ಬಂದೆವು. ಯಾರ್ಡಿನ ಕೆಲಸ, ಬಾಡಿಗೆಯ ಎರಡು ಕೋಣೆ, ಸಂಜೆ ಪೇಟೆ, ಎಲ್ಲ ನಾನು ಎಣಿಸಿದ ಹಾಗೇ. ಮಳೆಗಾಲದಲ್ಲಿ ಗಂಡ ಮನೆಯಲ್ಲಿದ್ದರು, ಒಣಗಿದ ಬಟ್ಟೆಯಲ್ಲಿ. ಮಳೆ ಬಂದರೆ ಎದ್ದು ಬಾಗಿಲು ತೆರೆದು ನಿಲ್ಲುವರು. "ಚಹಾ ಮಾಡ್ಲೇನ್ರಿ?" ಅಂದರೆ "ಮಾಡು" ಅನ್ನುವರು. ನಮ್ಮ ನಡುವೆ ಜಗಳ ಇರಲಿಲ್ಲ, ಪ್ರೀತಿ ಇತ್ತು, ಮಾತು ಕಡಿಮೆ. ಕೆಲವು ವರ್ಷ ಹಾಗೆ ನಡೆಯಿತು. ಎದೆಯ ಕೆಮ್ಮು ಬಲಿತು, ಒಂದು ಬೇಸಿಗೆಯಲ್ಲಿ ಹೋಗಿಬಿಟ್ಟರು.

ಹೋದ ತಿಂಗಳು ಆ ಹುಡುಗಿ ಬಂದಿದ್ದಳು. ಈಗ ಹುಡುಗಿ ಅಲ್ಲ, ಕೂದಲಲ್ಲಿ ಒಂದೆರಡು ಬಿಳಿ ಎಳೆ. ದೂರದ ಊರಲ್ಲಿ ಕೆಲಸ, ಸುದ್ದಿ ತಡವಾಗಿ ತಿಳಿಯಿತಂತೆ. ಹಣ್ಣು ಇಟ್ಟು, ಅವರ ಫೋಟೋದ ಮುಂದೆ ನಿಂತು, ಕಣ್ಣೊರೆಸಿಕೊಂಡಳು. ಅವಳ ಅಳುವನ್ನೂ ನನಗೆ ಸಹಿಸಲಾಗಲಿಲ್ಲ. ಎಷ್ಟೋ ವರ್ಷದಿಂದ ಒಳಗಿದ್ದದ್ದನ್ನು ಕೇಳಿಯೇಬಿಟ್ಟೆ.

"ನಿಮ್ಮ ಮುಂದ ನನ್ನ ಬಗ್ಗೆ ಏನರೆ ಅಂತಿದ್ರೇನವಾ?"

ಅವಳು ಸುಳ್ಳು ಹೇಳಬಹುದಿತ್ತು. ಯೋಚಿಸಿ ನೋಡಿ, "ಇಲ್ರಿ ಕಾಕೂ. ನಾವು ಮಾತಾಡಿದ್ದೆಲ್ಲಾ ಬರೇ ಆ ಮಣ್ಣಿಂದು" ಅಂದಳು.

ಎದ್ದು ಒಳಗೆ ಹೋಗಬೇಕೆನಿಸಿತು. ಹೋಗಲಿಲ್ಲ. ಇವರು ನನಗೆ ಬಿಟ್ಟುಹೋದ ಮಾತು ಎಷ್ಟು ಎಂದು ನನಗೆ ಗೊತ್ತು, ಆ ಮಾತುಗಳನ್ನೆಲ್ಲ ನಾನು ಎಷ್ಟೋ ಸಲ ತಿರುಗಿಸಿ ಮುಗಿಸಿದ್ದೇನೆ. ಅವಳ ಹತ್ತಿರ ನಾನು ಕೇಳಿರದ ಎಷ್ಟೋ ಮುಂಜಾನೆಗಳ ಮಾತು ಇದ್ದವು.

"ಮಣ್ಣಿಂದು ಅಂದ್ರ ಏನೇನು? ಅವ್ರು ಹ್ಯಾಂಗಂದ್ರೋ ಹಂಗ ಹೇಳ್ರಿ" ಎಂದೆ.

ಅವಳು ಮೊದಲು ನಾಚಿದಳು, ಆಮೇಲೆ ಶುರು ಮಾಡಿದಳು. ಮೊದಲ ದಿನ ಇವರು ಒಂದು ಉಂಡೆ ಎರೆಮಣ್ಣನ್ನು ಅವಳ ಅಂಗೈಯಲ್ಲಿಟ್ಟು, "ಮುಷ್ಟಿ ಹಿಡೀರಿ, ಬಿಡ್ರಿ, ಈಗ ನೋಡ್ರಿ ನಿಮ್ಮ ಕೈಗೆರಿ ಹೆಂಗ ಕುಂತಾವ ಆಕಿ ಮ್ಯಾಲೆ" ಅಂದಿದ್ದರಂತೆ. ಅದನ್ನು ಹೇಳುವಾಗ ಅವಳಿಗೆ ತಿಳಿಯದೆಯೇ ಅವಳ ದನಿ ಇವರಂತೆ ಕೊಂಚ ಇಳಿಯಿತು. ನನ್ನ ಎದೆ ಉರಿಯುತ್ತಲೇ ಇತ್ತು. ಅವಳ ಕಡೆಗೆ ಮಣೆ ಸರಿಸಿಕೊಂಡು ಕುಳಿತು, "ಹೂಂ, ಮುಂದ?" ಅಂದೆ.